ಒಲೆ ನಕ್ಕರೆ ಎಲೆ ಹಾಕು

ನಮ್ಮ ಸೋದರತ್ತೆಯ ಮನೆಗೆ ಹೇಳದೆ ಕೇಳದೆ ಹೋಗಿ ಅವರನ್ನು ಬೆರಗುಗೊಳಿಸುವುದು ಯಾರಿಂದಲೂ ಸಾಧ್ಯವಿಲ್ಲ. ನೀವು ಬರುವ ಸುದ್ದಿ ನಿಮಗಿಂತ ಮೊದಲು ಅವರ ಒಲೆಗೆ ಗೊತ್ತಾಗಿರುತ್ತದೆ! ಬೆಂಕಿ ಭರ್ರೆಂದು ಸದ್ದು ಮಾಡಿದರೆ ಒಲೆ ನಗುತ್ತಿದೆ, ನೆಂಟರು ಬರುತ್ತಾರೆ ಎಂದು ಅಜ್ಜಿಯರೆಲ್ಲ ಹೇಳುತ್ತಿದ್ದರು. ಅವರು ಹೇಳಿ ಸುಮ್ಮನಾಗುತ್ತಿದ್ದರು. ಅತ್ತೆ ಮಾತ್ರ ಒಂದು ಪಾವು ಅಕ್ಕಿ ಹೆಚ್ಚಿಗೆ ಹಾಕಿ, ನಡುಮನೆಯಲ್ಲಿ ಎಲೆ ಹಾಸಿಬಿಡುತ್ತಿದ್ದರು. ಬಂದವರನ್ನು ಉಣಿಸದೆ ಕಳಿಸಿದ ದಾಖಲೆಯೇ ಇಲ್ಲ. ಮೀಟರ್ ನೋಡಲು ಬಂದವನೂ ಚಿತ್ರಾನ್ನ ತಿಂದೇ ಹೋಗಬೇಕು!

ಗ್ಯಾಸ್ ಬಂದ ಮೇಲೆ ಅತ್ತೆಗೆ ಬಹಳ ಸಂಕಟವಾಯಿತು. "ಇದಕ್ಕೆ ನಗೋಕೇ ಬರಲ್ಲ ಕಣೋ, ಬರೀ ಬುಸುಗುಡುತ್ತೆ" ಎನ್ನುತ್ತಿದ್ದರು. ಆಮೇಲೆ ಕಮ್ಮನಹಳ್ಳಿಯ ಅಂಗಡಿಯೊಂದಕ್ಕೆ ಪೆಲೆಟ್ ಒಲೆ ಬಂತು. ಕಡಲೆಕಾಯಿ ಸಿಪ್ಪೆ, ಕಬ್ಬಿನ ಸಿಪ್ಪೆಗಳನ್ನು ಒತ್ತಿ ಮಾಡಿದ ಬೆರಳುದ್ದದ ತುಂಡುಗಳನ್ನು ತುಂಬಿ ಹಚ್ಚಬೇಕು; ಕೆಳಗೆ ಬ್ಯಾಟರಿಯಿಂದ ತಿರುಗುವ ಪುಟ್ಟ ಫ್ಯಾನು ಗಾಳಿ ಊದುತ್ತದೆ. ಅಂಗಡಿಯವನು ಹಚ್ಚಿ ತೋರಿಸಿದ್ದೇ ತಡ, ಅದು ಭರ್ರೆಂದು ನಕ್ಕಿತು. ಅತ್ತೆ ಚೌಕಾಸಿ ಮಾಡುವುದನ್ನೂ ಮರೆತರು. ಗ್ಯಾಸ್ ಒಲೆ ಸಿಲಿಂಡರಿನ ಸಮೇತ ಮಗಳ ಮನೆಗೆ ಹೋಯಿತು.

ಫ್ಯಾನಿರುವ ಒಲೆ ನಗದೆ ಇರುತ್ತದೆಯೇ? ದಿನಾ ನಗುತ್ತಿತ್ತು. ಅಯ್ಯೋ, ದಿನಾ ಯಾರಾದರೊಬ್ಬರು ಬರುತ್ತಲೂ ಇದ್ದರು! ಒಮ್ಮೆ ನಾನು ಅಲ್ಲೇ ಇದ್ದೆ. ಒಲೆ ನಕ್ಕಿತು, ಅತ್ತೆ ಎಲೆ ಹಾಕಿದರು, ಗೇಟು ಕಿರ್ರೆಂದಿತು. ಮಾವನ ಜೊತೆ ಕಾರ್ಖಾನೆಯಲ್ಲಿದ್ದ, ವರ್ಷಗಳಿಂದ ಪತ್ತೆಯೇ ಇಲ್ಲದ ಗೆಳೆಯರೊಬ್ಬರು ಬಾಳೆಹಣ್ಣು ಹಿಡಿದು ನಿಂತಿದ್ದರು.

"ಕೆ.ಆರ್. ಪುರಕ್ಕೆ ಹೋಗ್ತಿದ್ದೆ. ಯಾಕೋ ಇಲ್ಲೇ ಇಳಿದ್ಬಿಡು ಅನ್ನಿಸ್ತು ನೋಡಿ" ಎಂದರು.

ನನ್ನ ಮೈ ಜುಮ್ಮೆಂದಿತು. ಅತ್ತೆ ಆಗಲೇ ತುಪ್ಪ ಕಾಯಿಸುತ್ತಿದ್ದರು.

ಇಂಥ ಒಲೆ ಕೆಟ್ಟಿದ್ದು ಮಾವ ಎದೆನೋವಿನಿಂದ ಆಸ್ಪತ್ರೆ ಸೇರಿ, ಬದುಕಿ ಮನೆಗೆ ಬಂದ ಮೇಲೆ. ಅನ್ನ ಅರೆಬೆಂದದ್ದು, ಸ್ನಾನದ ನೀರು ಉಗುರುಬೆಚ್ಚಗೆ. ಮಾವನೇ ಫೋನ್ ಮಾಡಿದರು: "ಡಿಪ್ಲೊಮಾ ಮಾಡಿದೀಯಲ್ಲ ಮಗಾ, ಬಂದು ಆ ಒಲೆಗೇನಾಗಿದೆ ನೋಡು."

ಹಲಸೂರಿನಿಂದ ಸ್ಕ್ರೂಡ್ರೈವರ್ ಸಮೇತ ರಾಮಮೂರ್ತಿ ನಗರಕ್ಕೆ ಹೋದೆ. ಗಾಳಿ ತೂತುಗಳಲ್ಲಿ ಬೂದಿ ಕಟ್ಟಿತ್ತು, ಬಿಡಿಸಿದೆ. ಉರಿ ಏಳಲಿಲ್ಲ. ಬ್ಯಾಟರಿ ಚಾರ್ಜ್ ಮಾಡಿದೆ. ಊಹೂಂ! ಪೆಲೆಟ್ ಮುರಿದು ನೋಡಿದರೆ ಒಳಗೆಲ್ಲ ಒದ್ದೆ. ಮಹಡಿಯ ಬಿಸಿಲಿಗೆ ಹರಡಿ, ಗರಿಗರಿ ಒಣಗಿಸಿ ತಂದಿಟ್ಟು, ಮಾವನನ್ನು ಮಾತಾಡಿಸಿ ಬಂದರೆ ಮತ್ತೆ ಒದ್ದೆ! ನಲ್ಲಿ ಸೋರುತ್ತಿರಲಿಲ್ಲ, ಸೂರೂ ಸೋರುತ್ತಿರಲಿಲ್ಲ. ಮಟಮಟ ಮಧ್ಯಾಹ್ನದಲ್ಲೂ ನನಗೆ ಹೆದರಿಕೆಯಾಯಿತು. ಇನ್ನೊಮ್ಮೆ ಒಣಗಿಸಿ ತಂದಿಟ್ಟು, ಈ ಸಲ ಬಾಗಿಲ ಸಂದಿಯಿಂದ ಇಣುಕಿದೆ. ಅತ್ತೆ ಚೊಂಬಿನ ನೀರನ್ನು ಬೆರಳ ತುದಿಯಿಂದ ಪೆಲೆಟ್ ಮೇಲೆ ಚಿಮುಕಿಸುತ್ತಿದ್ದರು. ತುಟಿ ಏನನ್ನೋ ಪಿಟಿಪಿಟಿ ಎನ್ನುತ್ತಿತ್ತು.

"ಅತ್ತೇ! ಏನ್ಮಾಡ್ತಿದೀರಾ?"

"ಮೆಲ್ಲಗೆ ಮಾತಾಡೋ!" ಎಂದು ನನ್ನನ್ನು ಮೂಲೆಗೆಳೆದರು. "ಅವತ್ತು ಬೆಳಿಗ್ಗೆ ಒಲೆ ಯಾವತ್ತೂ ಇಲ್ಲದ ಹಾಗೆ ನಕ್ಬಿಡ್ತು. ಎಲೆ ಹಾಕಿ ಕಾದೆ. ಗೇಟು ತೆಗೆದ ಸದ್ದಾಯ್ತು. ಹೋಗಿ ನೋಡಿದ್ರೆ ಯಾರೂ ಇಲ್ಲ. ಒಳಗೆ ಬಂದ್ರೆ ಇವರು ಎದೆ ಹಿಡ್ಕೊಂಡು ಬಿದ್ದಿದ್ರು. ಬಂದೋರು ಯಾರು ಅಂತ ನಂಗೊತ್ತು ಕಣೋ. ಹೆಂಗೋ ಬಿಡಿಸ್ಕೊಂಡು ಬಂದಿದೀನಿ. ಮತ್ತೆ ಒಲೆ ನಗಿಸಿ ಕರೀಲಾ?"

"ಅತ್ತೆ, ಅದು ಬರೀ ಫ್ಯಾನಿನ ಗಾಳಿ" ಎಂದು ನಕ್ಕೆ. ಪೆಲೆಟ್ ಚೀಲದ ತಳದಲ್ಲಿ ನೀರು ತಾಗದೆ ಉಳಿದಿದ್ದ ಒಣ ತುಂಡುಗಳನ್ನು ತುಂಬಿ, ಹಚ್ಚಿ, ಫ್ಯಾನನ್ನು ಪೂರ್ತಿ ಜೋರು ಮಾಡಿದೆ. ಒಲೆ ಭರ್ರೆಂದು ನಗತೊಡಗಿತು. "ನೋಡಿದ್ರಾ? ಏನಾಯ್ತು ಈಗ?"

ಗೇಟು ಕಿರ್ರೆಂದಿತು.

ಕಿಟಕಿಯಿಂದ ಬಗ್ಗಿ ನೋಡಿದೆ. ಗೇಟು ತೆರೆದುಕೊಂಡಿತ್ತು. ಯಾರೂ ಇರಲಿಲ್ಲ. ಬೀದಿಯಲ್ಲಿ ಒಂದು ಎಲೆ ಅಲುಗುವಷ್ಟು ಗಾಳಿಯೂ ಇರಲಿಲ್ಲ.

ಅತ್ತೆ ಓಡಿಹೋಗಿ ಮಾವನ ಕೋಣೆಯ ಬಾಗಿಲಿಗೆ ಎರಡೂ ಕೈ ಚಾಚಿ ಅಡ್ಡ ನಿಂತರು. ಖಾಲಿ ನಡುಮನೆಯನ್ನು ನೋಡುತ್ತ, ಮರ್ಯಾದೆ ಬಿಡದೆ ಹೇಳಿದರು: "ಇವತ್ತು ಅಡುಗೆ ಆಗಿಲ್ಲ. ನಾಳೆ ಬನ್ನಿ."

"ಯಾರೇ ಅದು?" ಒಳಗಿನಿಂದ ಮಾವ ಕೇಳಿದರು.

"ಯಾರೂ ಇಲ್ಲಾರೀ, ನೀವು ಮಲಕ್ಕೊಳ್ಳಿ" ಎಂದ ಅತ್ತೆಯ ಕೆನ್ನೆ ಒದ್ದೆಯಾಗಿತ್ತು.

ನಾನು ಇಂಥದ್ದನ್ನೆಲ್ಲ ನಂಬುವವನಲ್ಲ. ಆದರೂ ಚೊಂಬಿನಲ್ಲಿದ್ದ ನೀರನ್ನೆಲ್ಲ ಒಲೆಗೆ ಸುರಿದುಬಿಟ್ಟೆ. ರಿಪೇರಿಗೆ ಬಂದವನೇ ಒಲೆ ಕೆಡಿಸಿದೆ! ಅದು ಸುಂಯ್ಯೆಂದು ಸುಮ್ಮನಾಯಿತು. ಹೋಗಿ ಅತ್ತೆಯ ಪಕ್ಕದಲ್ಲಿ ನಾನೂ ಬಾಗಿಲಿಗೆ ಅಡ್ಡ ನಿಂತೆ.

"ನಾಳೆ ಬಂದ್ರೆ ಏನೋ ಮಾಡೋದು?" ಎಂದು ಪಿಸುಗುಟ್ಟಿದರು ಅತ್ತೆ.

"ನಾಳೆಯೂ ಹೀಗೇ ಹೇಳೋಣ ಅತ್ತೆ" ಎಂದೆ.