ಎರಡು ಪಿನ್ನು, ಒಂದು ಬೊಟ್ಟು

ಗೊತ್ತಿರುವುದನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವುದು ನನ್ನ ಕೈಲಾಗದ ಕೆಲಸ. ಎದುರಿಗೆ ಸಿಕ್ಕವರಿಗೆ, ಅವರು ಕೇಳಲಿ ಬಿಡಲಿ, ಪಾಠ ಮಾಡಿಬಿಡುತ್ತೇನೆ. ನನ್ನ ಹೆಂಡತಿ ಇದನ್ನು ಕಾಯಿಲೆ ಎನ್ನುತ್ತಾಳೆ. ಮದುವೆಗೆ ಮೊದಲೇ ಹೇಳಬೇಕಿತ್ತಂತೆ.

ಅದು ತೊಂಬತ್ತರ ದಶಕದ ಕೊನೆ. ರಾಮಕೃಷ್ಣನಗರದ ನಮ್ಮ ಮನೆಯ ಹಿಂದಿನ ಶೆಡ್ಡಿನಲ್ಲಿ ಕೂತು, ಅಂಗೈಯಗಲದ ಒಂದೇ ಬೋರ್ಡಿನ ಮೇಲೆ ಪೂರಾ ಕಂಪ್ಯೂಟರನ್ನೇ ನಿಲ್ಲಿಸಿದ್ದೆ. ಅದಕ್ಕೆ ಕೆಂಪು ದೀಪಗಳ ಫಲಕ ಜೋಡಿಸಿದರೆ ವಧೂವರರ ಹೆಸರು ಸರಸರನೆ ಓಡುತ್ತಿತ್ತು. ಮೊದಲ ಸಲ ಓಡಿದಾಗ ಖುಷಿಗೆ ನಾನೂ ಶೆಡ್ಡಿನ ತುಂಬ ಓಡಾಡಿದ್ದೆ! ಕುಂಬಾರಕೊಪ್ಪಲಿನಲ್ಲಿ ಕಲ್ಯಾಣಮಂಟಪ ಇಟ್ಟಿದ್ದ ಶಿವಬಸಪ್ಪನವರು, "ಆಯುಧಪೂಜೆ ದಿನ ಬಂದು ನೋಡ್ತೀನಿ ಕಣ್ರೀ. ಓಡುದ್ರೆ ನಮ್ ಮಂಟಪಕ್ಕೆ ಅದೇ" ಎಂದಿದ್ದರು. ನಾನೇ ಮಾಡಿದ ಯಂತ್ರಕ್ಕೆ ಮೊದಲ ಗಿರಾಕಿ! ಊರವರ ರೇಡಿಯೋ ರಿಪೇರಿಯಿಂದ ಬಿಡುಗಡೆ!

ಹಿಂದಿನ ದಿನ ಅಮ್ಮ ನನ್ನ ಕೈಗೆ ಸಿಕ್ಕಿಬಿದ್ದಳು. "ನೋಡಮ್ಮ, ಈ ಎರಡು ಪಿನ್ನೇ ಮುಖ್ಯ. ಬಿಡಿಬಿಡಿಯಾಗಿದ್ರೆ ಬೋರ್ಡು ಕಲಿಸಿದ ಕೆಲಸ ಶುರು ಮಾಡ್ತದೆ. ಈ ಕರಿ ಟೋಪಿ ಹಾಕಿ ಎರಡನ್ನೂ ಸೇರಿಸಿದ್ರೆ, ಹೊಸ ಪಾಠ ಕೊಡಿ ಅಂತ ಸುಮ್ನೆ ಕಾಯ್ತದೆ. ಮಿಕ್ಕಿದ್ದೆಲ್ಲ ಲೆಕ್ಕಕ್ಕಿಲ್ಲ." ಅಮ್ಮ ಹೂ ಕಟ್ಟುತ್ತಲೇ ತಲೆಯಾಡಿಸಿದಳು. ನಾನು ಟೋಪಿ ತೆಗೆದು ಡಬ್ಬಿಗೆ ಹಾಕಿದೆ.

ಮರುದಿನ ಪೂಜೆ ಮುಗಿದು ಶಿವಬಸಪ್ಪನವರು ಕುರ್ಚಿಯಲ್ಲಿ ಕೂತರು. ಸ್ವಿಚ್ ಒತ್ತಿದೆ. ಫಲಕ ಕತ್ತಲೆ! ವೈರು ಅಲ್ಲಾಡಿಸಿದೆ, ಪ್ಲಗ್ಗು ಬದಲಿಸಿದೆ, ಕರೆಂಟಿನವರನ್ನು ಬೈದೆ. ಬೋರ್ಡು ಮಾತ್ರ ಹೊಸ ಪಾಠಕ್ಕೆ ಕಾಯುವವರಂತೆ ಒಂದೇ ದೀಪ ಮಿಟುಕಿಸುತ್ತಿತ್ತು. ಟೋಪಿಯೋ ಡಬ್ಬಿಯಲ್ಲೇ ಇದೆ! ಬಗ್ಗಿ ನೋಡಿದೆ. ಆ ದಿನ ಸ್ಕ್ರೂಡ್ರೈವರು, ಸೈಕಲ್ಲು, ಇಸ್ತ್ರಿಪೆಟ್ಟಿಗೆ ಎಲ್ಲಕ್ಕೂ ಬೊಟ್ಟಿದ್ದುದರಿಂದ ಬೋರ್ಡಿನ ಬೊಟ್ಟನ್ನು ನಾನು ನೋಡಿಯೂ ನೋಡಿರಲಿಲ್ಲ. ಒದ್ದೆ ಅರಿಶಿನ-ಕುಂಕುಮ, ಟೋಪಿಯ ಹಾಗೆಯೇ, ಸರಿಯಾಗಿ ಆ ಎರಡು ಪಿನ್ನುಗಳನ್ನು ಸೇರಿಸಿ ತಬ್ಬಿಕೊಂಡು ಕೂತಿತ್ತು.

"ಅಮ್ಮಾ! ಇಷ್ಟಗಲ ಬೋರ್ಡಲ್ಲಿ ನಿಂಗೆ ಬೇರೆ ಜಾಗ ಸಿಗ್ಲಿಲ್ವಾ?"

"ಇವೆರಡೇ ಮುಖ್ಯ ಅಂದೋನು ನೀನೇ ಅಲ್ವೇನೋ? ಅದಕ್ಕೇ ಅಲ್ಲಿಗೇ ದಪ್ಪಗೆ ಇಟ್ಬುಟ್ಟೆ."

ಹಳೆ ಬ್ರಷ್ಷಿನಿಂದ ಉಜ್ಜಿ, ಒರೆಸಿ, ಒಣಗಿಸಿ ಸ್ವಿಚ್ ಒತ್ತಿದೆ. ಹೆಸರು ಓಡಿತು! ಶಿವಬಸಪ್ಪನವರು ಚಪ್ಪಾಳೆ ತಟ್ಟಿ, "ನಮಗೇ ಇರ್ಲಿ ಕಣ್ರೀ! ಅದ್ಸರಿ, ಏನಾಗಿತ್ತು ಅದಕ್ಕೆ?" ಎಂದರು.

ಕೇಳಿಯೇಬಿಟ್ಟರಲ್ಲ! ಕುರ್ಚಿ ಹತ್ತಿರಕ್ಕೆ ಎಳೆದುಕೊಂಡೆ. "ನೋಡಿ ಸ್ವಾಮಿ, ಇದರಲ್ಲಿ ಈ ಎರಡು ಪಿನ್ನೇ..."

ಒಳಗಿನಿಂದ ಅಮ್ಮ ಕೂಗಿದಳು: "ಅವ್ರಿಗೆ ಹೇಳ್ಬೇಡ ಕಣೋ! ಮಂಟಪದಲ್ಲಿ ದಿನಾ ಪೂಜೆ ಇರ್ತದೆ!"