ಮಗ್ಗದ ಸದ್ದು ಮುಂದುವರಿಸುವಂತೆ ಕೋರಿ

ಇಂದ:
ಸೊಣ್ಣಪ್ಪ,
ನಿವೃತ್ತ ಪ್ರಥಮ ದರ್ಜೆ ಸಹಾಯಕ,
ರಾಮಾಂಜಿನಪ್ಪನವರ ಮಗ್ಗದ ಪಕ್ಕದ ಮನೆ,
ದೊಡ್ಡಬಳ್ಳಾಪುರ.

ಗೆ:
ಅಧ್ಯಕ್ಷರು,
ನಮ್ಮ ಬೀದಿ ನಿವಾಸಿಗಳ ಶಾಂತಿಪಾಲನಾ ಸಮಿತಿ.

ದಿನಾಂಕ: ೧೦-೬-೧೯೯೪

ವಿಷಯ: ಶಬ್ದ ನಿಲ್ಲಿಸಬೇಕೆಂದು ನಾನು ನೀಡಿದ್ದ ದೂರನ್ನು ವಜಾ ಮಾಡಿ, ಸದರಿ ಶಬ್ದವನ್ನು ಮುಂದುವರಿಸುವ ಬಗ್ಗೆ.

ಉಲ್ಲೇಖ: (೧) ನನ್ನ ದೂರು.
(೨) ದೂರಿನ ಬಗ್ಗೆ ನನ್ನ ಜ್ಞಾಪನಾಪತ್ರ.
(೩) ಜ್ಞಾಪನಾಪತ್ರಕ್ಕೆ ಉತ್ತರ ಬಾರದ ಬಗ್ಗೆ ನನ್ನ ಆಕ್ಷೇಪಣೆ.
(೪) ದೂರನ್ನು ಪುರಸ್ಕರಿಸಿ ತಾವು ಕೈಗೊಂಡ, ಈಗ ನನಗೆ ಕಂಟಕವಾಗಿರುವ ನಿರ್ಣಯ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ತಾವು ಕುಳಿತು ಓದಬೇಕೆಂದು ವಿನಂತಿಸಿ ಅರಿಕೆ ಮಾಡಿಕೊಳ್ಳುವುದೇನೆಂದರೆ:

೧. ನಾನು ನಿವೃತ್ತಿಯ ನಂತರ ಶಾಂತವಾಗಿ ಪೇಪರ್ ಓದುವ ಉದ್ದೇಶದಿಂದ ಸದರಿ ಬೀದಿಯಲ್ಲಿ ಮನೆ ಕಟ್ಟಿಸಿರುತ್ತೇನೆ. ನಮ್ಮ ಗೋಡೆಗೆ ಅಂಟಿಕೊಂಡಂತೆ ಶ್ರೀ ರಾಮಾಂಜಿನಪ್ಪನವರ ವಿದ್ಯುತ್ ಮಗ್ಗಗಳಿವೆ. ಬೆಳಿಗ್ಗೆಯಿಂದ ಸಂಜೆಯವರೆಗೆ ಲಟಕ್ ಪಟಕ್, ಲಟಕ್ ಪಟಕ್. ನಮ್ಮ ಅಡುಗೆಮನೆಯ ಲೋಟಗಳು ಯಾರೂ ಮುಟ್ಟದೆಯೇ ಒಂದರ ಪಕ್ಕ ಒಂದು ಸರಿದು ಬಂದು ನಿಲ್ಲುತ್ತವೆ. ಕಾರಣ ದೂರು ನೀಡಲಾಯಿತು. ರಾಮಾಂಜಿನಪ್ಪನವರು ಮನೆಗೆ ಬಂದು, "ಸಾರ್, ಮಗ್ಗ ಬಾಯ್ ಮುಚ್ಕೊಂಡಿದ್ರೆ ಸೀರೆ ಹೆಂಗ್ ಸಾರ್ ಆಗ್ತದೆ?" ಎಂದು ಕೇಳಿದರು. ಮೌಖಿಕ ಮನವಿಯನ್ನು ಪರಿಗಣಿಸಲಾಗದು, ಲಿಖಿತವಾಗಿ ಕೊಡಿ ಎಂದು ಹೇಳಿ ಕಳುಹಿಸಿದೆ. ಅವರು ಕೊಡಲಿಲ್ಲ. ಆದ್ದರಿಂದ ತಾವು ಮಗ್ಗಗಳೆಲ್ಲವನ್ನೂ ಈ ತಿಂಗಳ ಕೊನೆಯೊಳಗೆ ಬಾಶೆಟ್ಟಿಹಳ್ಳಿಯ ಶೆಡ್ಡಿಗೆ ಸಾಗಿಸುವಂತೆ ನಿರ್ಣಯಿಸಿದಿರಿ. ಅಂದು ನಾನು ಮನೆಯಲ್ಲಿ ಪಾಯಸ ಮಾಡಿಸಿದ್ದು ನಿಜ.

೨. ಪಾಯಸದ ಮಾರನೆಯ ದಿನ ಗಾಳಿಗೆ ಮರ ಬಿದ್ದು ಬೀದಿಯ ಕರೆಂಟು ಹೋಯಿತು. ಮಗ್ಗಗಳು ನಿಂತವು. ಆಗ ನಾನು ಹಾಲು ತರಲು ಹೊಸ್ತಿಲ ಬಳಿ ಬಂದಿದ್ದೆ. ಎಡಗಾಲು ಎತ್ತಬೇಕು, ಏಳಲಿಲ್ಲ. ಬಲಗಾಲನ್ನು ಕೇಳಿದೆ, ಅದೂ ಏಳಲಿಲ್ಲ. ನೋವಿಲ್ಲ, ಜೋಮಿಲ್ಲ, ಪಾದಕ್ಕೆ ಯಾರೋ ಗೋಂದು ಹಚ್ಚಿದಂತೆ.

ನನ್ನ ಧರ್ಮಪತ್ನಿ ಗಂಗಲಕ್ಷ್ಮಮ್ಮ ಒಳಗಿನಿಂದ, "ರೀ, ಅದೇನ್ರೀ ಬಾಗ್ಲಲ್ಲಿ ದ್ವಾರಪಾಲಕರ ಥರ ನಿಂತ್ಬಿಟ್ರಿ? ಹಾಲಿನೋನು ಹೊರಟೋಗ್ತಾನೆ" ಎಂದಳು.

"ಯೋಚನೆ ಮಾಡ್ತಿದೀನಿ" ಎಂದೆ.

ಹಾಲಿನವನು ಹೊರಟುಹೋದ. ನಾನು ಯೋಚನೆ ಮಾಡುತ್ತಲೇ ಇದ್ದೆ. ಕರೆಂಟು ಬಂತು. ಲಟಕ್ ಎಂದಿತು, ಎಡಗಾಲು ಎದ್ದಿತು. ಪಟಕ್ ಎಂದಿತು, ಬಲಗಾಲು ಹಿಂಬಾಲಿಸಿತು. ಬೀದಿಯ ತುದಿಯವರೆಗೆ ಹುರುಪಿನಿಂದ ಹೋಗಿ ಖಾಲಿ ಪಾತ್ರೆಯೊಂದಿಗೆ ವಾಪಸಾದೆ.

೩. ಇದು ಕೇವಲ ಕಾಕತಾಳೀಯವೆಂದು ನಾನು ಅಭಿಪ್ರಾಯಪಟ್ಟೆ. ಗಂಗಲಕ್ಷ್ಮಮ್ಮ ಒಪ್ಪಲಿಲ್ಲ. ನನ್ನ ಗಮನಕ್ಕೆ ತಾರದೆ ಅವಳು ತನಿಖೆಯನ್ನು ಕೈಗೊಂಡಳು. ಹಿತ್ತಿಲಿಂದ ಕರಿಬೇವು ಕಿತ್ತು ತರಲು ನನ್ನನ್ನು ಕಳುಹಿಸಿ, ಕಿಟಕಿಯಿಂದ ರಾಮಾಂಜಿನಪ್ಪನವರಿಗೆ ಸನ್ನೆ ಮಾಡಿದಳು. ಮಗ್ಗ ನಿಂತಿತು. ನಾನು ಒಣಹಾಕಿದ್ದ ಸೀರೆಯೊಳಗೆ ಮುಖವಿಟ್ಟುಕೊಂಡು ನಿಂತೆ.

"ಓಡ್ಸಿ ರಾಮಾಂಜಿನಪ್ಪನೋರೆ!" ಎಂದಳು. ನಾನು ಹೊರಟೆ.

"ನಿಲ್ಸಿ!" ನಿಂತೆ.

"ಅಯ್ಯಯ್ಯಪ್ಪಾ, ಸಾರ್‌ಗೆ ಸ್ವಿಚ್ ಸಿಕ್ತಲ್ಲಮ್ಮ!" ಎಂದು ರಾಮಾಂಜಿನಪ್ಪನವರು ಗೋಡೆಯಾಚೆಯಿಂದ ಕೂಗಿದ್ದು ಅಕ್ಕಪಕ್ಕದ ಮನೆಗಳಿಗೆಲ್ಲ ಕೇಳಿಸಿತೆಂದು ತಿಳಿದುಬಂದಿದೆ. ಗಂಗಲಕ್ಷ್ಮಮ್ಮ ಮೊದಲು ನಕ್ಕಳು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು, "ನಾಳೇನೇ ಬೆಂಗಳೂರಿಗೆ ಹೋಗೋಣ" ಎಂದಳು.

೪. ಬೆಂಗಳೂರಿನ ನರರೋಗ ತಜ್ಞರು ನನ್ನ ಬೆರಳು, ಮಂಡಿ, ಕಣ್ಣುಗಳನ್ನು ಪರಿಶೀಲಿಸಿ ಇದು ಕಂಪವಾತವೆಂದರು. "ಕಾಲಲ್ಲಿ ಶಕ್ತಿ ಇದೆ. ಮಿದುಳಿನಿಂದ ಅಪ್ಪಣೆ ಬರೋದು ತಡ ಆಗ್ತಿದೆ. ಹೊರಗಿಂದ ತಾಳ ಕೇಳಿಸಿದ್ರೆ ಕೆಲವರ ಕಾಲು ಅದನ್ನೇ ಹಿಡ್ಕೊಂಡು ನಡೆಯುತ್ತೆ" ಎಂದರು. ಇಲಾಖೆಯಲ್ಲಿ ಸೇವೆ ಸಲ್ಲಿಸಿದವನಾದ್ದರಿಂದ ನನಗಿದು ತಕ್ಷಣ ಅರ್ಥವಾಯಿತು. ಮೇಲಿನಿಂದ ಆದೇಶ ಬಾರದೆ ಕೆಳಗಿನ ಸಿಬ್ಬಂದಿ ಕದಲುವುದಿಲ್ಲ. ಇಷ್ಟು ದಿನ ನನ್ನ ಕಾಲುಗಳಿಗೆ ಆದೇಶ ನೀಡುತ್ತಿದ್ದವರು ರಾಮಾಂಜಿನಪ್ಪನವರು. ನಾನು ದೂರು ಕೊಡಲು ತಮ್ಮಲ್ಲಿಗೆ ನಡೆದು ಬಂದದ್ದೂ ಅವರ ಮಗ್ಗದ ಕೃಪೆಯಿಂದಲೇ ಎಂಬುದನ್ನು ತಾವು ದಯಮಾಡಿ ಅವರಿಗೆ ತಿಳಿಸಬಾರದು. ಅವರಿಗೆ ಈಗಾಗಲೇ ತಿಳಿದಿದೆ, ಆದರೂ ತಿಳಿಸಬಾರದು.

೫. ಹೀಗಿರುವಾಗ ನನ್ನ ಏಕೈಕ ಪುತ್ರಿ ಬಿಂದುಶ್ರೀಯ ಮದುವೆ ನಮ್ಮ ತಾಲ್ಲೂಕಿನದೇ ಆದ ಮಧುರೆಯಲ್ಲಿ, ಗಂಡಿನ ಊರಿನಲ್ಲಿ, ನೆರವೇರಿತು. ಅಲ್ಲಿ ಮಗ್ಗಗಳಿಲ್ಲ. ರಾಗಿ ಹೊಲಗಳಿವೆ, ಅವು ಸದ್ದು ಮಾಡುವುದಿಲ್ಲ. ಮಾತ್ರೆಯ ಬಲದಿಂದ ಛತ್ರದ ಒಳಗೆ ಹೇಗೋ ಸುಧಾರಿಸಿಕೊಂಡೆ. ಧಾರೆಯ ಸಮಯಕ್ಕೆ ತಾಮ್ರದ ಚೊಂಬು ಹಿಡಿದು ಕೋಣೆಯಿಂದ ಹೊರಟವನು ಬಾಗಿಲಲ್ಲೇ ನಿಂತೆ. ನಾದಸ್ವರದವರು ತಾಳವಿಲ್ಲದ ಆಲಾಪನೆಯಲ್ಲಿ ಕಣ್ಣು ಮುಚ್ಚಿದ್ದರು. ಪುರೋಹಿತರು ಕರೆದರು. ಮಂಟಪದಲ್ಲಿ ಮಗಳು ತಲೆಯೆತ್ತಿ ನೋಡಿದಳು. ನನ್ನ ಕಾಲು ಕದಲಲಿಲ್ಲ.

ಬೀಗರಾದ ದೊಡ್ಡಬೀರಪ್ಪನವರ ಮುಖ ಬಿಗಿಯಿತು. "ಏನ್ ಬೀಗ್ರೆ, ಒಪ್ಪಿಗೆ ಇಲ್ವಾ? ಈಗ್ ನಿಂತ್ರೆ ಹೆಂಗೆ? ಜನ ಏನಂದ್ಕೋತಾರೆ?" ಎಂದರು.

ಬಾಯಿಯೂ ಏಳಲಿಲ್ಲ.

ಆಗ ಊಟದ ಪಂಕ್ತಿಯ ಕಡೆಯಿಂದ ಶಬ್ದ ಬಂತು. ರಾಮಾಂಜಿನಪ್ಪನವರು! ಅವರಿಗೆ ನಾನು ಲಗ್ನಪತ್ರಿಕೆ ಕೊಟ್ಟಿರಲಿಲ್ಲ, ಗಂಗಲಕ್ಷ್ಮಮ್ಮ ಕೊಟ್ಟಿದ್ದಳು. ಸಾರಿನ ಕೊಳಗವನ್ನು ಬೋರಲು ಹಾಕಿ ಎರಡು ಸೌಟುಗಳಿಂದ ಲಟಕ್ ಪಟಕ್ ಬಾರಿಸುತ್ತಾ, "ನಡೀರಿ ಸಾರ್! ಮಗ್ಗ ಶುರುವಾಯ್ತು, ನಡೀರಿ!" ಎಂದು ಕೂಗುತ್ತಿದ್ದರು.

ನಾನು ನಡೆದೆ. ನಡೆದೆ ಎನ್ನುವುದು ಕಡಿಮೆಯಾಯಿತು, ಧಾವಿಸಿದೆ. ಡೋಲಿನವನಿಗೆ ಹುಮ್ಮಸ್ಸು ಬಂದು ಅದೇ ತಾಳ ಹಿಡಿದ. ನಾದಸ್ವರದವರು ಕಣ್ಣು ಬಿಟ್ಟರು. ಎಲೆ ಹಾಸುತ್ತಿದ್ದವರು ಅದೇ ವೇಗದಲ್ಲಿ ಹಾಸತೊಡಗಿದರು. ಅಜ್ಜಿಯರು ತಲೆಯಾಡಿಸಿದರು. ಬೀಗರು ಕೋಪದಲ್ಲೇ ಇದ್ದರೂ ಅವರ ಬಲಪಾದ ಅವರ ಅನುಮತಿಯಿಲ್ಲದೆ ಕುಣಿಯುತ್ತಿದ್ದುದನ್ನು ಸ್ವತಃ ಕಂಡಿದ್ದೇನೆ. ಪುರೋಹಿತರ ಮಂತ್ರಗಳು ಒಂದರ ಮೇಲೊಂದು ಹತ್ತಿಕೊಂಡು ಓಡಿದವು. ಆದರೆ ರಾಮಾಂಜಿನಪ್ಪನವರು ಬಾರಿಸುವುದನ್ನು ನಿಲ್ಲಿಸದ ಕಾರಣ ನಾನೂ ನಿಲ್ಲದೆ, ಮಂಟಪವನ್ನು ದಾಟಿ ಊಟದ ಮನೆಯ ಕಡೆ ತಿರುಗಿದೆ.

"ಅಪ್ಪಾ, ಇಲ್ಲಿ! ಇಲ್ಲಿ ಕಣಪ್ಪಾ!" ಎಂದು ಮದುಮಗಳು ಎದ್ದು ನಿಂತು ಕೂಗಿದಳು. ಛತ್ರವೆಲ್ಲ ನಕ್ಕಿತು. ಅಳಿಯಂದಿರೇ ಬಂದು ನನ್ನ ತೋಳು ಹಿಡಿದು ತಿರುಗಿಸಿದರು. ಧಾರೆ ಎರೆಯುವಾಗ ನನ್ನ ಕೈ ನಡುಗಿತು. ಅದನ್ನು ಪೂರ್ತಿಯಾಗಿ ಕಾಯಿಲೆಯ ಲೆಕ್ಕಕ್ಕೆ ಹಾಕುವಂತಿಲ್ಲ.

ವಿಷಯ ತಿಳಿದ ಮೇಲೆ ದೊಡ್ಡಬೀರಪ್ಪನವರು ನನ್ನ ಪಕ್ಕದ ಎಲೆಯಲ್ಲೇ ಕುಳಿತು, "ಮೊದ್ಲೇ ಹೇಳಬಾರ್ದಾ ಬೀಗ್ರೆ, ತಮಟೆಯವರನ್ನೇ ಕರೆಸ್ತಿದ್ನಲ್ಲ" ಎಂದು ನನಗೆ ಬಲವಂತವಾಗಿ ಹೋಳಿಗೆ ಹಾಕಿಸಿದರು.

೬. ಮದುವೆಯಿಂದ ಹಿಂದಿರುಗಿದ ಮೇಲೆ ನಾನು ರಾಮಾಂಜಿನಪ್ಪನವರ ಮನೆಗೆ ಹೋಗಿ ಕೃತಜ್ಞತೆ ಸಲ್ಲಿಸಲು ಯತ್ನಿಸಿದೆ. ಮಗ್ಗದ ಗದ್ದಲದಲ್ಲಿ ಅವರಿಗೆ ಕೇಳಿಸಲಿಲ್ಲ. ಎರಡನೇ ಸಲ ಕಿವಿಯ ಬಳಿ ಕೂಗಿ ಹೇಳಿದೆ. "ಲಿಖಿತವಾಗಿ ಕೊಡಿ ಸಾರ್" ಎಂದರು. ಆದ್ದರಿಂದ ಈ ಅರ್ಜಿ. ಒಂದು ಮಗ್ಗವನ್ನು ಮನೆಯಲ್ಲೇ ಇಟ್ಟುಕೊಂಡು, ಉಳಿದವನ್ನು ಶೆಡ್ಡಿಗೆ ಸಾಗಿಸಲು ಅವರು ಒಪ್ಪಿರುತ್ತಾರೆ. ತಮ್ಮ ಅನುಮತಿಯಷ್ಟೇ ಬಾಕಿ.

೭. ಹೆಚ್ಚುವರಿ ಮಾಹಿತಿ. ಮದುವೆಯಾದಂದಿನಿಂದ ನಾನು ಬೀದಿಯಲ್ಲಿ ಮುಂದೆ ಮುಂದೆ ನಡೆಯುವವನು, ಗಂಗಲಕ್ಷ್ಮಮ್ಮ ಹಿಂದೆ ಬರುವವಳು. ಈಗ ಸಂಜೆ ಇಬ್ಬರೂ ಮಗ್ಗದ ತಾಳಕ್ಕೆ ಹೆಜ್ಜೆ ಹಾಕುವುದರಿಂದ ಅಕ್ಕಪಕ್ಕ ನಡೆಯುತ್ತೇವೆ. ಮಾತೂ ಆಡುತ್ತೇವೆ, ಕೂಗಿಕೊಂಡು. "ಇಷ್ಟು ವರ್ಷ ಎಲ್ಲಿಗ್ರೀ ಓಡ್ತಿದ್ರಿ?" ಎಂದು ಅವಳು ಕೇಳಿದ ಪ್ರಶ್ನೆ ನನ್ನ ಪರಿಶೀಲನೆಯಲ್ಲಿದೆ.

ಆದ್ದರಿಂದ, ಕಾರಣ, ಹಾಗೂ ಮೇಲ್ಕಂಡ ಎಲ್ಲ ಅಂಶಗಳ ಹಿನ್ನೆಲೆಯಲ್ಲಿ, ನನ್ನ ದೂರನ್ನು ವಜಾ ಮಾಡಿ ಒಂದು ಮಗ್ಗವನ್ನು ಯಥಾಸ್ಥಿತಿಯಲ್ಲಿ, ಯಥಾಶಬ್ದದಲ್ಲಿ ಉಳಿಸಿಕೊಡಬೇಕಾಗಿ ಕೋರುತ್ತೇನೆ. ಕಡೆಯದಾಗಿ, ದಿನದ ಕೆಲಸ ಮುಗಿಸಿ ಮಗ್ಗ ನಿಲ್ಲಿಸುವ ಮುನ್ನ ನಾನು ಎಲ್ಲಿದ್ದೇನೆಂದು ಒಮ್ಮೆ ವಿಚಾರಿಸುವಂತೆ ರಾಮಾಂಜಿನಪ್ಪನವರಿಗೆ ಸೂಚಿಸಬೇಕಾಗಿ ಪ್ರಾರ್ಥನೆ. ನಿನ್ನೆ ಬಚ್ಚಲಲ್ಲಿದ್ದೆ.

ತಮ್ಮ ವಿಶ್ವಾಸಿ ಹಾಗೂ ಸದ್ಯಕ್ಕೆ ಸಂಚಾರದಲ್ಲಿರುವ,
(ಸಹಿ) ಸೊಣ್ಣಪ್ಪ
(ಸಹಿ ಅಲುಗಿದ್ದರೂ ನನ್ನದೇ)

ಲಗತ್ತುಗಳು:
ವೈದ್ಯರ ಚೀಟಿ.
ಧಾರೆಯ ಛಾಯಾಚಿತ್ರ, ನಾನು ಸ್ಪಷ್ಟವಾಗಿ ಮೂಡಿದ್ದೇನೆ, ಉಳಿದವರು ಅಲುಗಿದ್ದಾರೆ.
ಗಂಗಲಕ್ಷ್ಮಮ್ಮನ ಪ್ರತ್ಯೇಕ ಒಪ್ಪಿಗೆ ಪತ್ರ, ಮಗ್ಗವನ್ನು ಸ್ವಲ್ಪ ನಿಧಾನವಾಗಿ ಓಡಿಸಬೇಕೆಂಬ ಷರತ್ತಿನೊಂದಿಗೆ.