ಬಿಂದಿಗೆಯ ಕತ್ತು ಮತ್ತು ಕ್ಷಣದ ವೇಗ

ಅರ್ಥವಾಗದುದನ್ನು ಅರ್ಥವಾಗಲಿಲ್ಲವೆಂದು ಒಪ್ಪಿಕೊಳ್ಳಲು ವಿದ್ಯಾರ್ಥಿಗೆ ಒಂದು ನಿಮಿಷ ಸಾಕು. ಮೇಷ್ಟರಿಗೆ ಒಂದು ಜನ್ಮ ಸಾಲದು. ಇಪ್ಪತ್ತು ವರ್ಷ ಶಾಲೆಯಲ್ಲಿ ಕನ್ನಡ ವ್ಯಾಕರಣವನ್ನು ಬೋಧಿಸಿ, ಈಗ ಅಚ್ಚುಕೂಟವೊಂದರಲ್ಲಿ ಕರಡು ತಿದ್ದಿಕೊಂಡಿರುವ ನಾನು, "ಗೊತ್ತಿಲ್ಲ" ಎಂದು ಬಾಯಿಬಿಟ್ಟು ಹೇಳಿದುದು ಎರಡೇ ಸಲ. ಎರಡು ಸಲವೂ ಕೇಳಿದವರು ದಾರಿ ತಪ್ಪಿದ ಪರಸ್ಥಳದವರು.

ಹೀಗಿರುವಾಗ, ಇಂಟರ್‌ಮೀಡಿಯೆಟ್ ಓದುತ್ತಿದ್ದ ಮಗಳು ವಿಮಲ ಒಂದು ಗುರುವಾರ ಗಣಿತದ ಪುಸ್ತಕ ಹಿಡಿದು ಬಂದಳು. "ಅಪ್ಪ, ಈ ಡಿರಿವೇಟಿವ್ ಅನ್ನೋದು ತಲೆಗೇ ಹತ್ತುತ್ತಿಲ್ಲ. ಸೋಮವಾರದ ಟೆಸ್ಟ್‌ನಲ್ಲಿ ಫೇಲಾದ್ರೆ ಗಣಿತ ಬಿಟ್ಟು ಬೇರೆ ವಿಷಯ ತಗೋಮ್ಮ ಅಂದುಬಿಟ್ಟಿದ್ದಾರೆ ಲೆಕ್ಚರರು." ಗಣಿತವೆಂದರೆ ಪ್ರಾಣ ಬಿಡುವ ಹುಡುಗಿ, ಕಣ್ಣು ತುಂಬಿತ್ತು. "ನಾನಿಲ್ಲವೇ? ಹೇಳಿಕೊಡುತ್ತೇನೆ" ಎಂದೆ. ಆ ವಾಕ್ಯದಲ್ಲಿ ವ್ಯಾಕರಣದೋಷವಿರಲಿಲ್ಲ, ಸತ್ಯವೂ ಇರಲಿಲ್ಲ.

ಎರಡು ದಿನ ಪುಸ್ತಕದೊಡನೆ ಗುದ್ದಾಡಿದೆ. ಬದಲಾಗುತ್ತಿರುವ ವಸ್ತು ಒಂದು ಕ್ಷಣದಲ್ಲಿ ಯಾವ ವೇಗದಿಂದ ಬದಲಾಗುತ್ತಿದೆಯೋ ಅದೇ ಡಿರಿವೇಟಿವ್ ಎಂದು ಅದು ಹೇಳುತ್ತಿತ್ತು. ವೇಗವೆಂದರೆ ಸಾಗಿದ ದೂರವನ್ನು ಹಿಡಿದ ಕಾಲದಿಂದ ಭಾಗಿಸಿದ್ದು. ಕ್ಷಣಕ್ಕೆ ಕಾಲದ ಅಳತೆಯೇ ಇಲ್ಲವೆಂದ ಮೇಲೆ ಭಾಗಿಸುವುದು ಯಾವುದರಿಂದ? "ಸರಾಸರಿ ವೇಗವೊಂದೇ ನಿಜ, ಉಳಿದುದು ಗ್ರಂಥಕರ್ತರ ಪ್ರಮಾದ" ಎಂದು ಅಂಚಿನಲ್ಲಿ ಕೆಂಪು ಶಾಯಿಯಿಂದ ಬರೆದೆ.

ವಿಮಲ ಅದನ್ನು ಓದಿ, "ಟೆಸ್ಟ್‌ನಲ್ಲೂ ಇದನ್ನೇ ಬರೀಲಾ ಅಪ್ಪ?" ಎಂದಳು.

ಭಾನುವಾರ ಬೆಳಿಗ್ಗೆ ನನ್ನ ಹೆಂಡತಿಗೆ ಸೊಂಟ ಹಿಡಿದುಕೊಂಡಿತು. ನೀರು ತರುವ ಕೆಲಸ ನನ್ನ ಮತ್ತು ವಿಮಲಳ ಪಾಲಿಗೆ ಬಂತು. ಕುಂಬಾರಕೊಪ್ಪಲಿನಲ್ಲಿ ನಮ್ಮ ಬೀದಿಗೆಲ್ಲ ಒಂದೇ ನಲ್ಲಿ. ಬಿಂದಿಗೆಯನ್ನು ಅದರ ಕೆಳಗಿಟ್ಟು, ಯಾವ ಕೆಲಸಕ್ಕೂ ಕ್ರಮ ಬೇಕೆನ್ನುವ ನಾನು, ಕೈಗಡಿಯಾರ ನೋಡುತ್ತ ಅಡಿಕೋಲನ್ನು ಒಳಗಿಳಿಸಿ ಅಳೆದೆ. ಎರಡು ನಿಮಿಷಕ್ಕೆ ಸರಿಯಾಗಿ ಅರ್ಧ ಎತ್ತರ. ಅಂದಮೇಲೆ ಉಳಿದರ್ಧಕ್ಕೂ ಎರಡು ನಿಮಿಷ. ನಿಶ್ಚಿಂತೆಯಿಂದ ಅತ್ತ ತಿರುಗಿ, ಸಾಲಿನಲ್ಲಿದ್ದವರಿಗೆ ಬಿಂದಿಗೆ ಯಾವಾಗ ತುಂಬುವುದೆಂದು ಘೋಷಿಸಿದೆ. ಇನ್ನೂ ಮುಕ್ಕಾಲು ನಿಮಿಷ ಬಾಕಿಯಿರುವಾಗಲೇ ನನ್ನ ಪಂಚೆ ಮೊಣಕಾಲಿನವರೆಗೆ ನೆನೆದಿತ್ತು.

"ಏನ್ ಮೇಷ್ಟ್ರೇ, ಬೀದಿಗೆ ನೀರು ಆಕ್ತಾ ಇದ್ದೀರಾ?" ಎಂದರು ಪಕ್ಕದ ಮನೆಯ ನಂಜಮ್ಮ. ಅಕ್ಷರ ಕಲಿತವರಲ್ಲ, ಮಾತಿಗೆ ಮಾತ್ರ ಬರವಿಲ್ಲ.

"ಲೆಕ್ಕದ ಪ್ರಕಾರ ಇನ್ನೂ ತುಂಬಬಾರದಿತ್ತು."

"ಬಿಂದ್ಗೆಗೆ ನಿಮ್ ಲೆಕ್ಕ ಯಾರು ಯೋಳವ್ರೆ? ನಲ್ಲಿ ಒಂದೇ ಸಮ ಬಿದ್ರೂ ನೀರು ಒಂದೇ ಸಮ ಏರಾಕಿಲ್ಲ ಕಣ್ರೀ. ಒಟ್ಟೆ ಅಗಲ, ಅಲ್ಲಿ ನಿಧಾನ. ಕತ್ತು ಸಣ್ಣ, ಅಲ್ಲಿಗ್ ಬಂದ್ರೆ ಓಡ್ಬುಡ್ತದೆ. ಎಲ್ಲಿ ಎಷ್ಟು ಜೋರು ಅಂತ ಅಲ್ಲಲ್ಲೇ ನೋಡ್ಬೇಕು."

ವಿಮಲಳ ಸೊಂಟದ ಮೇಲಿದ್ದ ಬಿಂದಿಗೆ ಅಲ್ಲಾಡಿತು. "ಅಪ್ಪ, ಅಲ್ಲಲ್ಲೇ ನೋಡೋದೇ ಡಿರಿವೇಟಿವ್! ನೀವು ಎರಡು ನಿಮಿಷದ ಸರಾಸರಿ ಹಿಡಿದ್ರಿ. ಕತ್ತಿನ ಹತ್ರ ಒಂದು ಸೆಕೆಂಡಿನಲ್ಲಿ ಎಷ್ಟು ಏರಿತು ನೋಡಿ. ಆಮೇಲೆ ಅರ್ಧ ಸೆಕೆಂಡು, ಇನ್ನೂ ಚಿಕ್ಕದು, ಇನ್ನೂ ಚಿಕ್ಕದು. ಕಾಲ ಪೂರ್ತಿ ಸೊನ್ನೆ ಆಗಬೇಕಾಗಿಲ್ಲ. ಭಾಗಿಸಿ ಬಂದ ಉತ್ತರ ಯಾವ ಸಂಖ್ಯೆಯನ್ನ ಸಮೀಪಿಸ್ತಾ ಹೋಗುತ್ತೋ, ಅದೇ ಆ ಕ್ಷಣದ ವೇಗ."

ನಾನು ಒದ್ದೆ ಪಂಚೆಯಲ್ಲೇ ಮನೆಗೆ ಬಂದು ಕೆಂಪು ಶಾಯಿಯ ವಾಕ್ಯವನ್ನು ಹೊಡೆದುಹಾಕಿದೆ.

ಸೋಮವಾರ ಸಂಜೆ ವಿಮಲಳ ಮುಖ ನೋಡಿದೊಡನೆ ಎದೆ ಹಗುರಾಯಿತು. ಲೆಕ್ಚರರು ಅಲ್ಲೇ ತಿದ್ದಿ ನೋಡಿ, ಗಣಿತದಲ್ಲೇ ಮುಂದುವರಿಯಮ್ಮ ಎಂದರಂತೆ.

"ಇಷ್ಟು ಚೆನ್ನಾಗಿ ಯಾರು ಹೇಳಿಕೊಟ್ಟರು ಅಂತಾನೂ ಕೇಳಿದ್ರು ಅಪ್ಪ."

ನಾನು ಕನ್ನಡಕ ತೆಗೆದು, ವಿನಯದಿಂದ ಒರೆಸುತ್ತ, "ನೀನೇನೆಂದೆ?" ಎಂದೆ.

"ಪಕ್ಕದ ಮನೆ ನಂಜಮ್ಮ ಅಂದೆ."

ನನಗೆ ಸಂತೋಷವಾಯಿತು. ಅದು ಹೆಚ್ಚುತ್ತಲೂ ಇತ್ತು. ಆದರೆ ಆ ಒಂದು ಕ್ಷಣದಲ್ಲಿ ಅದು ಹೆಚ್ಚುತ್ತಿದ್ದ ವೇಗವೆಷ್ಟೆಂದು ಮಗಳು ಕೇಳಲಿಲ್ಲವಲ್ಲ, ಅದೇ ದೊಡ್ಡ ನೆಮ್ಮದಿ.